ಗೂಬೆಯ ಕಿವಿಯಲ್ಲಿ ಹೇಳಿದ್ದು

“ಅದರ ಕಿವೀಲಿ ಏನು ಹೇಳಿದ್ರಿ?”

ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಮರದ ಗೂಬೆ ಜಾರಿ ಬೀಳುವುದೊಂದು ಬಾಕಿ! ಸಿನಿಮಾ ಸೆಟ್ಟಿನ ಬಾಗಿಲಲ್ಲಿ ಅದನ್ನು ಕೆತ್ತಿದ ಬಡಗಿಯೇ ನಿಂತಿದ್ದ.

“ಏನೂ ಇಲ್ಲ... ಧೂಳು ಊದ್ತಿದ್ದೆ.”

ಹಸಿ ಸುಳ್ಳು. ಅವರು ಸಿನಿಮಾ ಮಾಡುತ್ತಿದ್ದ ಹಳೆಯ ಕಥೆಯಲ್ಲಿ ಆ ಗೂಬೆಯ ಕಿವಿಯಲ್ಲಿ ಬೇಡಿದ್ದೆಲ್ಲ ಸಿಗುತ್ತದೆ. ಆದರೆ ಬೇಡಿದವರು ಯಾರನ್ನು ಪ್ರೀತಿಸುತ್ತಾರೋ ಅವರಿಗೇ ಕೇಡು ತಟ್ಟುತ್ತದೆ. ಅವಳು ತಮಾಷೆಗೆಂದು ಬೇಡಿದ್ದು ಇಷ್ಟೇ: ‘ಈ ಮುಗುಮ್ಮಾದ ಬಡಗಿ ನನ್ನ ಹತ್ತಿರ ಒಂದು ಮಾತಾಡಲಿ.’

ಬೇಡಿ ಗಳಿಗೆಯಾಗಿಲ್ಲ, ಮಾತಾಡಿಯೇ ಬಿಟ್ಟ!

ಮಾರನೆಯ ದಿನ ಚಹಾ ತಂದುಕೊಟ್ಟ. ಅದರ ಮರುದಿನ ಕೂರಲು ಸ್ಟೂಲು ತಂದಿಟ್ಟ. ಅವಳಿಗೆ ಖುಷಿಗಿಂತ ಸಂಶಯವೇ ಹೆಚ್ಚಾಯಿತು. ಇವನು ತಾನಾಗಿಯೇ ಬರುತ್ತಿದ್ದಾನಾ... ಗೂಬೆ ಕಳಿಸುತ್ತಿದೆಯಾ?

ಆಮೇಲೊಂದು ದಿನ ಅವನ ಅಂಗೈ ಕಣ್ಣಿಗೆ ಬಿತ್ತು. ಸುಟ್ಟು ಕಪ್ಪಾಗಿತ್ತು.

“ಇದೇನಿದು?”

“ಏನಿಲ್ಲ ಬಿಡಿ.” ಅವನು ಕೈ ಬಚ್ಚಿಟ್ಟುಕೊಂಡ.

ಅವಳು ಹಿಂದೆ ಸರಿದಳು. ಕೇಡು ತಟ್ಟಿಯೇಬಿಟ್ಟಿತೇ? ಅಂದರೆ ನಾನು ಇವನನ್ನು...

“ಇನ್ನು ನನ್ನ ಹತ್ತಿರ ಬರಬೇಡಿ!”

ಅವನ ಮುಖ ಸಣ್ಣದಾಯಿತು. ಹೊರಟುಹೋದ.

ಶಾಟಿನಿಂದ ಶಾಟಿಗೆ ಒಂದು ಲೋಟವೂ ಜಾಗ ಬದಲಿಸದಂತೆ ಫೋಟೊ ತೆಗೆದಿಟ್ಟು ನೋಡಿಕೊಳ್ಳುವುದು ಅವಳ ಕೆಲಸ. ಕನ್ನಡಿಯ ದೃಶ್ಯವನ್ನು ಮತ್ತೆ ಚಿತ್ರೀಕರಿಸಬೇಕಾಗಿ ಬಂದಾಗ ಶೂಟಿಂಗಿನ ಮೊದಲ ದಿನದ ಫೋಟೊ ತೆರೆದಳು. ಕನ್ನಡಿಯ ಚೌಕಟ್ಟನ್ನು ನೂರು ಸಲ ನೋಡಿದ್ದಳು. ಕನ್ನಡಿಯೊಳಗೆ ನೋಡಿದ್ದು ಇವತ್ತೇ.

ಅಲ್ಲಿ ಅವಳೇ ಕ್ಯಾಮೆರಾ ಹಿಡಿದು ಬಗ್ಗಿದ್ದಳು. ಹಿಂದೆಯೇ ಉರಿಯುವ ದೊಡ್ಡ ದೀಪ. ಅವಳ ತಲೆ ಅದಕ್ಕೆ ತಾಗದಂತೆ ನಡುವೆ ಒಂದು ಅಂಗೈ... ಅವನದು!

ಆ ಕೈ ಸುಟ್ಟಾಗ ಗೂಬೆಗೆ ಇನ್ನೂ ಕಿವಿಯನ್ನೇ ಕೆತ್ತಿರಲಿಲ್ಲ.

ಅವಳು ಬಡಗಿಯ ಕೋಣೆಗೆ ಓಡಿದಳು. “ಯಾಕೆ ಹೇಳ್ಲಿಲ್ಲ?”

“ಎಲ್ಲರೂ ನಿಮ್ಮನ್ನ ಹದ್ದಿನ ಕಣ್ಣು ಅಂತಾರೆ. ಫೋಟೊದಲ್ಲಿ ನನ್ನ ಕೈ ನೋಡಿದ್ರೂ ಸುಮ್ಮನಿದ್ದೀರಿ ಅಂದ್ಕೊಂಡೆ. ಅದಕ್ಕೇ ನಾನೂ ಸುಮ್ಮನಾದೆ.”

“ಮತ್ತೆ ಅವತ್ತು ಮಾತಾಡಿದ್ದು?”

“ಒಂದು ಮರದ ಗೂಬೆ ಹತ್ತಿರ ಅಷ್ಟು ಪ್ರೀತಿಯಿಂದ ಮಾತಾಡ್ತಿದ್ರಲ್ಲ... ಹೊಟ್ಟೆ ಉರೀತು!”

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ಸುಟ್ಟ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಈಗಲಾದ್ರೂ ಹೇಳಿ, ಅದರ ಕಿವೀಲಿ ಏನು ಹೇಳಿದ್ರಿ?”

ಅವಳು ಗೂಬೆಯನ್ನು ಗೋಡೆ ಕಡೆ ತಿರುಗಿಸಿಟ್ಟಳು. ಅವನ ಕಿವಿಯ ಹತ್ತಿರ ಬಂದಳು.

“ಈ ಸಲ ನಿಮ್ಮನ್ನೇ ಕೇಳ್ತೀನಿ. ನನ್ನ ಜೊತೆ ಇರ್ತೀರಾ?”

“ಇರ್ತೀನಿ.”