ಭಾನುವಾರದ ಡಾಕ್ಟರು

ಮೊದಲ ದಿನ ನರ್ಸು ಶಿವಗಂಗಾ ಶರಣ್‌ನನ್ನು ರೋಗಿ ಎಂದೇ ತಿಳಿದಳು. ಸ್ಟೂಲು ತೋರಿಸಿ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಮುಳ್ಳು ಇಳಿಯುವವರೆಗೂ ಮಾತಾಡಲಿಲ್ಲ. ಅವನು ತೋಳು ಕೊಟ್ಟು ಕೂತ. ಬಗ್ಗಿದ ಅವಳ ಕತ್ತಿಗೆ ಬೆವರಿನಲ್ಲಿ ಅಂಟಿದ್ದ ನಾಲ್ಕು ಕೂದಲು ನೋಡುತ್ತ, ಬಂದ ಕೆಲಸವನ್ನೇ ಮರೆತ.

"ಬಿ.ಪಿ. ಸ್ವಲ್ಪ ಜಾಸ್ತಿ ಐತೆ. ಏನು ತೊಂದ್ರೆ?"

"ಎಲೆಕ್ಷನ್‌ಗೆ ಪ್ರಣಾಳಿಕೆ ಬರೀಬೇಕು."

ಅವಳು ಪಟ್ಟಿ ಬಿಚ್ಚಿದಳು. "ಅದಕ್ಕೆ ನಮ್ಮಲ್ಲಿ ಮಾತ್ರೆ ಇಲ್ಲ ಕಣ್ರಿ."

ಕಸ ಗುಡಿಸುತ್ತಿದ್ದ ಆಯಾ ಜುಂಜಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು.

ಶರಣ್ ಹೊಸದುರ್ಗದವನು. ಎಂ.ಎ. ಮುಗಿಸಿ, ಮೊದಲ ಸಲ ಚುನಾವಣೆಗೆ ನಿಂತಿದ್ದ ಚಿತ್ತಪ್ಪನವರಿಗೆ ಭಾಷಣ ಬರೆದುಕೊಡುತ್ತಿದ್ದ. ಎದುರಾಳಿ ಶಿವಕುಮಾರಪ್ಪನವರು ಹಳ್ಳಿ ಆಸ್ಪತ್ರೆಗಳನ್ನೆಲ್ಲ ಖಾಸಗಿ ಟ್ರಸ್ಟಿಗೆ ವಹಿಸುವುದಾಗಿ ಸಾರುತ್ತಿದ್ದರು. ಅದಕ್ಕೆ ಪ್ರತಿಯಾಗಿ ಚಿತ್ತಪ್ಪನವರಿಗೆ ಹೊಳೆದಿದ್ದು ಹೊಸ ಕಟ್ಟಡ, ಅದರ ಮುಂದೊಂದು ಕಮಾನು, ಅಷ್ಟೇ. ಮತ್ತೋಡಿನ ದಾರಿಯಲ್ಲಿ ಸಿಗುವ ಹೊಂಗೆಗೊಂದಿಯ ಈ ಪುಟ್ಟ ಆಸ್ಪತ್ರೆಗೆ ಏನು ಬೇಕೆಂದು ಕೇಳಿ ಬರಲು ಅವರೇ ಶರಣ್‌ನನ್ನು ಕಳಿಸಿದ್ದರು.

"ಭಾನುವಾರ ಡಾಕ್ಟ್ರು ಬೇಕು," ಎಂದಳು ಶಿವಗಂಗಾ. "ಶನಿವಾರ ಮಧ್ಯಾಹ್ನ ಹೋದೋರು ಸೋಮವಾರ ಬರ್ತಾರೆ. ಹೆರಿಗೆ ನೋವು ವಾರ ನೋಡ್ಕಂಡು ಬರಲ್ಲ. ಅದೊಂದು ಮಾಡಿಸ್ರಿ, ಬೇರೇನೂ ಬ್ಯಾಡ."

ಒಂದು ಸಲ ಕೇಳಲು ಬಂದವನು ಒಂಬತ್ತು ಸಲ ಬಂದ. ಊರವರೆಲ್ಲ ಅವಳನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು. ಅವನಿಗೆ ಮಾತ್ರ ಹಾಗೆ ಕರೆಯಲು ಮನಸ್ಸಾಗಲಿಲ್ಲ. ಗೋಡೆಗೊರಗಿ, ಅವಳು ಚೀಟಿ ಬರೆಯುವುದನ್ನು ನೋಡುತ್ತಿದ್ದ. ವಯಸ್ಸಾದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹಾಲುರಾಮೇಶ್ವರದ ದೇವರ ಹೆಸರು ಎಂದು ಒಬ್ಬಳು ತಲೆ ತಗ್ಗಿಸಿದರೆ, ಶಿವಗಂಗಾ ರಾಮೇಶಪ್ಪ ಎಂದು ಬರೆದುಕೊಳ್ಳುವಳು. ಹಿಂದೆ ನಿಂತವರೂ ಅಷ್ಟರೊಳಗೆ ಒಗಟು ಬಿಡಿಸಿಕೊಂಡು ನಗುವರು.

"ನಮ್ಮ ಸಿಸ್ಟರೂ ಒಬ್ರ ಹೆಸರು ಹೇಳಲ್ಲ. ಹೊಸದುರ್ಗದೋರು ಬಂದ್ರು ಅಂತಾಳೆ," ಎಂದು ಜುಂಜಮ್ಮ ಒಂದು ದಿನ ಕಸಪೊರಕೆಗೆ ಹೇಳಿದಳು. ಶಿವಗಂಗಾ ಬರೆಯುತ್ತಿದ್ದ ಚೀಟಿ ಕೆಟ್ಟಿತು. ಇನ್ನೊಂದು ತೆಗೆದುಕೊಳ್ಳುವಾಗ ರೆಪ್ಪೆ ಎತ್ತಿದಳು, ಅವನು ನೋಡುತ್ತಿರುವುದನ್ನು ಕಂಡಳು, ಇಳಿಸಲಿಲ್ಲ.

ಡಾಕ್ಟರ ಬೈಕು ಹೋದ ಒಂದು ಶನಿವಾರ, ಖಾಲಿ ವಾರ್ಡಿನ ಮೆಟ್ಟಿಲ ಮೇಲೆ ಕೂತು ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಕುರಿಹಟ್ಟಿಯ ಚೈತ್ರಾಳನ್ನು ಒಂದು ಭಾನುವಾರ ಟ್ರ್ಯಾಕ್ಟರಿನಲ್ಲಿ ತಂದಿದ್ದರು. ಕೂಸು ಕಾಲು ಮುಂದಾಗಿ ಬರುತ್ತಿತ್ತು. ಆಂಬ್ಯುಲೆನ್ಸು ಬರುವುದರೊಳಗೆ ಶಿವಗಂಗಾ ಒಬ್ಬಳೇ ಹೆರಿಗೆ ಮಾಡಿಸಬೇಕಾಯಿತು. ತಾಯಿಗೆ ಎಚ್ಚರವಿರಲಿಲ್ಲ. ಕೂಸು ಉಳಿಯಲಿಲ್ಲ. ಡಾಕ್ಟರು ಫೋನಿನಲ್ಲೇ, ಹೊಟ್ಟೆಯಲ್ಲೇ ಸತ್ತಿತ್ತು ಎಂದು ಬರೆಯಲು ಹೇಳಿದರು. ಬರೆದಳು.

"ಎರಡು ಸಲ ಅಳ್ತು ಕಣ್ರಿ. ನಾನು ಕೇಳಿಸ್ಕಂಡಿದೀನಿ."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಇದು ನಿಮಗೆ ಹೇಳಿದ್ದು, ಚಿತ್ತಪ್ಪನವರಿಗಲ್ಲ ಎಂದಳು.

ಆದರೂ ಅವನು ಅದನ್ನು ಭಾಷಣದಲ್ಲಿ ಬರೆದ. ಭಾನುವಾರದ ಡಾಕ್ಟರು ಅವಳಿಗೆ ಕೊಡುವ ಉಡುಗೊರೆ ಎಂದುಕೊಂಡೇ ಬರೆದ. ಯಾವ ಊರು, ಯಾವ ನರ್ಸು, ಯಾವ ತಾಯಿ, ಒಂದೂ ಹಾಕಲಿಲ್ಲ. ಹೆಸರಿಲ್ಲದಿದ್ದರೆ ಯಾರಿಗೂ ತಿಳಿಯದೆಂದು ನಂಬಿದ.

ಮತ್ತೋಡಿನ ಸಭೆಯಲ್ಲಿ ಚಿತ್ತಪ್ಪನವರು ಅದನ್ನು ಓದಿ ಕಣ್ಣೊರೆಸಿಕೊಂಡರು. ಗೆದ್ದರೆ ವಾರದ ಏಳೂ ದಿನ ಡಾಕ್ಟರು ಎಂದು ಮಾತು ಕೊಟ್ಟರು. ಚಪ್ಪಾಳೆ ನಿಲ್ಲುವ ಮೊದಲೇ ಹೆಂಗಸರ ಸಾಲಿನಲ್ಲಿ ತಲೆಗಳು ಒಂದು ಕಡೆ ತಿರುಗಿದವು. ದೇವರ ಹೆಸರಿನಿಂದ ಗಂಡನ ಹೆಸರು ಬಿಡಿಸುವವರಿಗೆ ಇದೇನು ಮಹಾ? ಅಲ್ಲಿ ಚೈತ್ರಾ ಕೂತಿದ್ದಳು.

ಮಾರನೆಯ ಬೆಳಿಗ್ಗೆ ಆಕೆ ಆಸ್ಪತ್ರೆಗೆ ಬಂದು ಶಿವಗಂಗಾಳನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು. "ಅತ್ತಿತ್ತಾ ಅಕ್ಕಾ?"

ವಾರದೊಳಗೆ ಚಿತ್ರದುರ್ಗದಿಂದ ವಿಚಾರಣೆಯ ನೋಟೀಸು ಬಂತು. ಶಿವಗಂಗಾ ಕಾಂಟ್ರಾಕ್ಟಿನವಳು; ಮೇಲಿನವರ ಒಂದು ಸಹಿ ಸಾಕು, ಮನೆಗೆ ಹೋಗಬೇಕು. ಶರಣ್ ಫೋನು ಮಾಡಿದ, ಅವಳು ಎತ್ತಲಿಲ್ಲ. ಅವನೇ ಚಿತ್ರದುರ್ಗಕ್ಕೆ ಹೋಗಿ ವಿಚಾರಣೆಯ ಅಧಿಕಾರಿಯ ಕೈಗೆ ಪತ್ರ ಕೊಟ್ಟ. ಭಾಷಣದಲ್ಲಿದ್ದದ್ದು ತಾನು ಕಟ್ಟಿದ ಕತೆ, ಯಾವ ನರ್ಸೂ ತನಗೇನೂ ಹೇಳಿಲ್ಲ ಎಂದು ಬರೆದಿದ್ದ. ಅಧಿಕಾರಿಗೂ ಅದೇ ಬೇಕಾಗಿತ್ತು. ವಿಚಾರಣೆ ಅಲ್ಲಿಗೇ ಮುಗಿಯಿತು.

ಎರಡೇ ದಿನಕ್ಕೆ ಶಿವಕುಮಾರಪ್ಪನವರ ಕಡೆಯವರು ಕಚೇರಿಯಿಂದ ಆ ಪತ್ರದ ಪ್ರತಿ ತಂದು, ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರು. ಚಿತ್ತಪ್ಪನವರು ಶರಣ್‌ನನ್ನು ಓಡಿಸಿ, ಭಾನುವಾರದ ಮಾತನ್ನು ಬಿಟ್ಟು ಕಮಾನಿಗೆ ಮರಳಿದರು.

ಶರಣ್‌ಗೆ ಅದರಿಂದ ನೋವಾಗಲಿಲ್ಲ. ಮಾನ ಕೊಟ್ಟು ಅವಳನ್ನು ಉಳಿಸಿಕೊಂಡೆ ಎಂಬ ಹಗುರದಲ್ಲಿ ಹೊಂಗೆಗೊಂದಿಗೆ ಬಂದ. ಶಿವಗಂಗಾ ಎಂದಿನ ಜಾಗದಲ್ಲಿ ಚೀಟಿ ಬರೆಯುತ್ತಿದ್ದಳು. ಅವನು ಸ್ಟೂಲಿನ ಮೇಲೆ ಕೂತ.

"ನಿಮ್ಮ ಮೇಲೆ ಮನಸ್ಸೈತೆ. ಅದಕ್ಕೇ ಹಂಗೆ ಬರೆದುಕೊಟ್ಟೆ."

"ನನಗೂ ಇತ್ತು," ಎಂದಳು. ಅಷ್ಟು ಮೆಲ್ಲಗೆ, ಅಷ್ಟು ಸಲೀಸಾಗಿ ಹೇಳಿದಳು. ಆ 'ಇತ್ತು' ಅವನಿಗೆ ತಟ್ಟಲು ಒಂದು ಗಳಿಗೆ ಬೇಕಾಯಿತು.

ಆಮೇಲೆ ದನಿ ಏರಿಸದೆ ಹೇಳುತ್ತ ಹೋದಳು. ವಿಚಾರಣೆಯಲ್ಲಿ ನಿಜ ಹೇಳಲು ಸಿದ್ಧಳಾಗಿದ್ದಳಂತೆ. ಕೆಲಸ ಹೋದರೆ ಹೋಗಲಿ, ಭಾನುವಾರ ಡಾಕ್ಟರು ಬರುತ್ತಾರಲ್ಲ ಎಂದುಕೊಂಡಿದ್ದಳಂತೆ. ಅವನ ಪತ್ರ ನೋಡಿದ ಮೇಲೆ ಅವಳನ್ನು ಯಾರೂ ಒಳಗೆ ಕರೆಯಲೇ ಇಲ್ಲ.

"ಚೈತ್ರಾ ದಿನಾ ಬರ್ತಾಳೆ. ಹೆಂಗೆ ಅತ್ತಿತ್ತು, ದನಿ ದೊಡ್ಡದಿತ್ತಾ ಅಂತ ಕೇಳ್ತಾಳೆ. ಹೇಳ್ತಿದ್ದೆ, ಕೇಳ್ಕಂಡು ಹೋಗ್ತಿದ್ಲು. ನಿಮ್ಮ ಕಾಗದ ಅವಳ ಮನೆಗೂ ಮುಟ್ಟೈತೆ." ಪೆನ್ನನ್ನು ಅವನ ಕಡೆ ಸರಿಸಿದಳು. "ಈಗ ಏನ್ ಹೇಳ್ಲಿ, ಬರೆದುಕೊಡ್ರಿ. ನೀವು ಚೆನ್ನಾಗಿ ಬರೀತೀರಿ."

ಶರಣ್ ಪೆನ್ನು ಹಿಡಿದು ಕೂತ. ಅವಳು ಅವನ ತಲೆಯ ಮೇಲಿನಿಂದ ನೋಡಿ, ಮುಂದಿನವರು ಬರ್ರಿ ಎಂದು ಕರೆದಳು. ಜುಂಜಮ್ಮ ಅವನ ಪಕ್ಕದಲ್ಲಿ ಬಂದು ನಿಂತಳು. ಈ ಸಲ ನಗಲಿಲ್ಲ.

"ಎದ್ದೇಳಪ್ಪ," ಎಂದಳು. "ಸಾಲಿನಾಗೆ ಮೂರನೇಯವ್ಳೇ ಚೈತ್ರಾ."