ತೆಂಗಿನ ಹಾಲು ಹಚ್ಚದ ಮದುಮಗಳು

"ಮುಟ್ಟಬೇಡ!"

ಏವ್ರಿಲ್ ಕಿರುಚಿದಳು. ಸೆಡ್ರಿಕ್ ಥಟ್ಟನೆ ಅವಳ ಕೈ ಬಿಟ್ಟ.

ಅವನು ಮಸ್ಕತ್‌ನಿಂದ ಆಗಷ್ಟೇ ಬಂದಿದ್ದ. ನಿಶ್ಚಿತಾರ್ಥದ ನಂತರ ಮೊದಲ ಭೇಟಿ. ನಡುವೆ ಅವಳಿಗೆ ಕ್ಯಾನ್ಸರ್... ಆಪರೇಷನ್... ಈಗ ಕಿಮೊ ಮಾತ್ರೆ. ವಿಡಿಯೊ ಕಾಲ್‌ನಲ್ಲಿ ಅವಳು ಮುಖ ಮಾತ್ರ ತೋರಿಸುತ್ತಿದ್ದಳು. ಅಂಗೈ ಸುಟ್ಟಂತೆ ಕೆಂಪಾಗಿ ಸಿಪ್ಪೆ ಏಳುತ್ತಿದ್ದುದನ್ನು, ಉಗುರು ಕಪ್ಪಾದುದನ್ನು ಅವನು ಕಂಡಿರಲಿಲ್ಲ.

"ಎಂತ ಇದು, ಏವ್ರಿಲ್?"

"ಮದ್ದಿನದ್ದು. ಅಂಟುವುದಿಲ್ಲ, ಹೆದರಬೇಡ!"

ಬಿಸಿ ಚಾದ ಲೋಟ ಹಿಡಿಯಲಾಗದು. ಬಟ್ಟೆಯ ಗುಂಡಿ ಅಮ್ಮನೇ ಹಾಕಬೇಕು. ಅಂಗಾಲು ಬಿರಿದು, ಹಂಪನಕಟ್ಟೆಯಲ್ಲಿ ಬಸ್ಸಿಳಿದು ಶಾಲೆಗೆ ನಡೆಯುವುದೇ ನರಕವಾಗಿ, ಟೀಚರ್ ಕೆಲಸವನ್ನೂ ಬಿಟ್ಟಿದ್ದಳು.

ಅಂದಿನಿಂದ ಅವನು ದಿನಾ ಬಂದ. ಆದರೆ ದೂರದ ಕುರ್ಚಿಯಲ್ಲೇ ಕೂರುತ್ತಿದ್ದ. ಒಮ್ಮೆಯೂ ಮುಟ್ಟಲಿಲ್ಲ.

'ಅಸಹ್ಯಪಡುತ್ತಾನೆ...' ಅವಳು ಒಳಗೊಳಗೇ ಕುದಿದಳು.

ಒಂದು ಸಂಜೆ ಮೆಲ್ಲಗೆ ಅಂದ, "ನಮ್ಮ ಮದುವೆಗೆ ರೋಸ್ ಬೇಡ, ಆಗದಾ?"

ಮದುವೆಗೆ ಮುಂಚೆ ಬಂಧುಗಳೆಲ್ಲ ಸೇರಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ರೋಸ್! ಚಿಕ್ಕಂದಿನಿಂದ ಅದರ ಕನಸು ಕಂಡವಳು ಅವಳು.

"ಈ ಕೈ ಜನರಿಗೆ ತೋರಿಸಲು ನಾಚಿಕೆಯಾ ನಿನಗೆ?"

"ಬಿರಿದ ಚರ್ಮಕ್ಕೆ ಉರಿಯುತ್ತದಲ್ಲ, ಅದಕ್ಕೆ..."

"ನಿಜ ಹೇಳು ಮಾರಾಯ!"

ಅವನು ತಲೆ ತಗ್ಗಿಸಿದ. "ಹಚ್ಚಲು ಬಂದವರು ಹೇಸಿದರೆ ಮರ್ಯಾದೆ ಹೋಗ್ತದೆ ಅಂತ ನನ್ನ ಮಮ್ಮಿ ಹೇಳಿದ್ರು. ನಾನು... ಎದುರು ಮಾತಾಡಲಿಲ್ಲ."

"ನೀನೂ ಹೇಸ್ತೀಯಾ?"

"ಇಲ್ಲ! ಆವತ್ತು ನೀನು ಕಿರುಚಿದ ಮೇಲೆ ನನಗೆ ನನ್ನ ಕೈಯದ್ದೇ ಹೆದರಿಕೆ, ಮುಟ್ಟಿದರೆ ನಿನಗೆ ನೋವಾಗ್ತದಾ ಅಂತ. ನಾನು ಹೇಡಿ, ಏವ್ರಿಲ್. ಆದರೆ ನೀನಿಲ್ಲದೆ ನನಗೆ ಆಗುವುದಿಲ್ಲ..."

ಅವಳು ಅತ್ತಳು. ಆ ಕೈಗಳಿಂದ ಕಣ್ಣೀರು ಒರೆಸಿಕೊಳ್ಳಲೂ ಆಗಲಿಲ್ಲ. ಉರಿಯುವುದೂ ಸುಳ್ಳಲ್ಲವಲ್ಲ! ರೋಸ್‌ನ ಆಸೆ ಅಲ್ಲಿಗೇ ಮುಗಿಯಿತು.

"ಮಮ್ಮಿಗೆ ಈಗಲೇ ಹೇಳು. ರೋಸ್ ಬೇಡ ಅಂದದ್ದು ನಾನು. ನನಗೆ ಉರಿಯುತ್ತದೆ ಅಂತ. ನಿಮ್ಮ ಮರ್ಯಾದೆಗೋಸ್ಕರ ಅಲ್ಲ!"

ಅವನು ಅವಳೆದುರೇ ಫೋನ್ ಮಾಡಿದ. ಆ ಕಡೆಯಿಂದ ಬೈಗುಳ ಕೇಳಿಸಿತು. ಆದರೂ ಪೂರ್ತಿ ಹೇಳಿಯೇ ಫೋನ್ ಇಟ್ಟ.

ಹೇಸಿಗೆಯ ಆ ಮಾತು ತನ್ನೊಳಗಿಂದ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಮನೆಗೇ ಸೊಸೆಯಾಗಿ ಹೋಗಬೇಕು...

ಅವನು ಕುರ್ಚಿ ಬಿಟ್ಟು ಹತ್ತಿರ ಬಂದು ಕೂತ.

"ಎಲ್ಲಿ ಮುಟ್ಟಿದರೆ ನೋವಾಗುವುದಿಲ್ಲ?"

ಇಷ್ಟು ದಿನದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಅವಳು ಯೋಚಿಸಬೇಕಾಯಿತು.

"ಭುಜ..."

ಹಕ್ಕಿ ಕೂತಷ್ಟು ಹಗುರವಾಗಿ ಕೈಯಿಟ್ಟ.

"ಸಾಕಾ?"

"ಇನ್ನೂ ಸ್ವಲ್ಪ ಗಟ್ಟಿ..."