ಸುಲ್ತಾನನ ಮುದ್ರೆಗೆ ಮುತ್ತಿದ ಇರುವೆ

ಕಲ್ಲು ಗೋಡೆಯಲ್ಲೇ ಇತ್ತು. ಆದರೂ ಕಳುವಾಗಿತ್ತು!

"ಇದು ಅಪ್ಪಯ್ಯನ ಕಲ್ಲಲ್ಲ" ಎಂದು ವೇದಾ ಬಿಕ್ಕಿದಳು.

ಹಡಗಿನ ವೈದ್ಯರಾಗಿದ್ದ ಅವಳ ತಂದೆ ಇಸ್ತಾಂಬುಲ್‌ನಿಂದ ತಂದ ಅಮೃತಶಿಲೆ ಅದು. ಅದರ ಮೇಲೆ ಒಟ್ಟೋಮನ್ ಸುಲ್ತಾನನ ಹೆಸರಿನ ರಾಜಮುದ್ರೆ, ತುಘ್ರಾ. ನೆಟ್ಟಗೆ ನಿಂತ ಮೂರು ಗೆರೆ, ಎಡಕ್ಕೆ ಒಂದರೊಳಗೊಂದು ಮೊಟ್ಟೆಯಾಕಾರದ ಎರಡು ಸುತ್ತು, ಕೆಳಗೆ ಗುಲಾಬಿ. ಮುಪ್ಪಿನಲ್ಲಿ ದೃಷ್ಟಿ ಹೋದ ಮೇಲೆ ಅಪ್ಪಯ್ಯ ಆ ಗುಲಾಬಿಯನ್ನು ದಿನವೂ ಸವರಿ ಸವರಿ ಒಂದು ಎಸಳು ಸವೆದೇ ಹೋಗಿತ್ತು. ಈಗ ಅದೇ ಎಸಳು ಬೆರಳಿಗೆ ಚುಚ್ಚುತ್ತಿತ್ತು.

ಶಿರಸಿಯಲ್ಲಿ ವೇದಾ ನಡೆಸುವ ಆ ಪುಟ್ಟ ಸಂಗ್ರಹಾಲಯದ ಕೀಲಿ ಇರುವುದು ಕಾವಲುಗಾರ ಮಡಿವಾಳಪ್ಪನ ಹತ್ತಿರ. ಇನ್ನೇನು ಬೇಕು? ಅವನೇ ಕಳ್ಳನೆಂದು ಊರು ತೀರ್ಮಾನಿಸಿಬಿಟ್ಟಿತ್ತು. ನಿವೃತ್ತ ಇನ್‌ಸ್ಪೆಕ್ಟರ್ ಮಹೇಶ್ವರಿಗೆ ಮೈಯೆಲ್ಲ ಉರಿಯಿತು. ಬಡವನೊಬ್ಬ ಸಿಕ್ಕಿದರೆ ಸಾಕು, ಈ ಜನಕ್ಕೆ ಪುರಾವೆಯೇ ಬೇಡ!

"ಕೀಲಿ ಯಾರ ಕೈಗಾದ್ರೂ ಕೊಟ್ಟಿದ್ದೆಯಾ?"

"ಇಲ್ರೀ ಅಕ್ಕಾರ. ಮುಂಜಾನೆ ಬೀಗರು ಫೋನ್ ಮಾಡಿದ್ರು. ಕಳ್ಳನ ಮಗಳು ನಮಗ ಬ್ಯಾಡ ಅಂದ್ರು. ಮದುವಿ ಮುರೀತ್ರೀ..." ಮಡಿವಾಳಪ್ಪ ಕೀಲಿಯನ್ನು ಅವಳ ಮುಂದಿಟ್ಟ.

ಮಹೇಶ್ವರಿ ವೇದಾಳತ್ತ ತಿರುಗಿದಳು. "ಕಲ್ಲನ್ನ ಇಳಿಸಿದ್ದು ಯಾವಾಗ?"

"ಹೋದ ವಾರ, ಗೋಡೆಗೆ ಸುಣ್ಣ ಹೊಡೆಸುವಾಗ. ಇಳಿಸಿ ಗೋಣಿ ಸುತ್ತಿ ಜಗಲಿಯಲ್ಲಿ ಇಟ್ಟಿದ್ದು, ಮತ್ತೆ ಕೂರಿಸಿದ್ದು, ಎಲ್ಲಾ ರಾಮಣ್ಣನೇ."

ದೇವರ ಮೂರ್ತಿ ಕೆತ್ತುವ ರಾಮಣ್ಣ ಬೆಳಗಿನಿಂದ ಅಲ್ಲೇ ಕೈಕಟ್ಟಿ ನಿಂತಿದ್ದ. ಅವನ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

"ಆಮೇಲೆ ಎಂತಾದ್ರೂ ಬದಲಾಯ್ತಾ?"

"ಎಂತದೂ ಇಲ್ಲ. ಇರುವೆ ಕಾಟ ಒಂದು. ಒರೆಸಿದಷ್ಟೂ ಬರ್ತವೆ."

ಇರುವೆ? ಮಹೇಶ್ವರಿ ಬಗ್ಗಿ ನೋಡಿದಳು. ಮೂರು ಗೆರೆಗಳ ಮೇಲಿಲ್ಲ, ಹೂವಿನ ಮೇಲಿಲ್ಲ. ಒಳಸುತ್ತಿನಲ್ಲಿ ಮಾತ್ರ ಮುತ್ತಿಕೊಂಡಿದ್ದವು. ಬೆರಳಾಡಿಸಿ ಮೂಸಿದಳು.

"ರಾಮಣ್ಣ, ಮೂರ್ತಿಗೆ ಕೊನೆಯ ಕೆಲಸ ಯಾವುದು?"

"ಕಣ್ಣು ತೆರೆಸೋದು."

"ಹೇಗೆ?"

"ಚಿನ್ನದ ಸೂಜಿಯಲ್ಲಿ ಗೆರೆ ಎಳೆದು... ಜೇನು, ತುಪ್ಪ ಹಚ್ಚಿ—"

ಮಹೇಶ್ವರಿ ಜೇನು ಅಂಟಿದ ಬೆರಳನ್ನು ಅವನ ಮುಂದೆ ಹಿಡಿದಳು.

"ಇರುವೆ ಮುತ್ತಿದ ಈ ಸುತ್ತು, ಕೆತ್ತಿಸಿದ ಸುಲ್ತಾನನಿಗೆ ಅವನ ಹೆಸರು. ನಿಮ್ಮ ಕೈಗೆ ಅದು ಕಣ್ಣಾಗಿ ಕಂಡಿತು. ಕಣ್ಣು ತೆರೆಸದೆ ಕಲ್ಲನ್ನ ಕೈಯಿಂದ ಬಿಟ್ಟವರಲ್ಲ ನೀವು, ನಕಲಿಗೂ ಅದನ್ನೇ ಮಾಡಿದಿರಿ! ಮುಂಚೆಯೇ ಕೆತ್ತಿಟ್ಟುಕೊಂಡು, ಜಗಲಿಯಲ್ಲಿ ಗೋಣಿಯೊಳಗೆ ಬದಲಿಸಿದವರು ನೀವೇ."

ರಾಮಣ್ಣ ಕಟ್ಟಿದ್ದ ಕೈ ಬಿಡಿಸಿ ಮುಗಿದ. "ಮಾರಲಿಕ್ಕಲ್ಲ ಅಮ್ಮಾ, ದೇವರಾಣೆ. ನಕಲು ಕೆತ್ತಿದೆ, ಆದ್ರೆ ಆ ಗೆರೆಯ ಬಾಗು ನನ್ನ ಉಳಿಗೆ ಬರಲೇ ಇಲ್ಲ. ಎದುರಿಗಿಟ್ಟುಕೊಂಡು ಕಲೀಬೇಕಿತ್ತು. ಕಲ್ಲು ಮನೆಯಲ್ಲೇ ಇದೆ."

ಮಹೇಶ್ವರಿಗೆ ಒಂದು ಗಳಿಗೆ ಅಯ್ಯೋ ಅನಿಸಿತು. ಮಡಿವಾಳಪ್ಪನ ಮುಖ ನೋಡಿದಳು, ಆ ಕನಿಕರ ಇಳಿದುಹೋಯಿತು.

"ಇವನನ್ನ ಕಳ್ಳ ಅಂತಿದ್ದಾಗ ಇಲ್ಲೇ ನಿಂತು ಕೇಳಿದಿರಲ್ಲ?"

ಅವಳು ತನ್ನ ಮೊಬೈಲನ್ನು ರಾಮಣ್ಣನ ಕೈಗಿಟ್ಟಳು. "ಪೊಲೀಸರು ಆಮೇಲೆ. ಮೊದಲು ಇವನ ಬೀಗರಿಗೆ ಮಾಡಿ."

ಮಡಿವಾಳಪ್ಪ ನಂಬರು ಹೇಳಿದ. ರಾಮಣ್ಣ ಒಂದೊಂದೇ ಅಂಕಿ ಒತ್ತಿದ.

"ಹಲೋ... ನಾನು ಶಿರಸಿಯಿಂದ ರಾಮ. ಕಲ್ಲು ಕದ್ದವನು."